ಮೊದಲು ಕೇಳು, ಆಮೇಲೆ ಹೊರಡು

ಕೆಂಗೇರಿಯಲ್ಲಿ ಒಬ್ಬ ತಾಯಿ ಇದ್ದಾಳೆ ಅಂತ ಇಟ್ಟುಕೊಳ್ಳೋಣ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಗಂಡನಿಂದ ವಿಚ್ಛೇದನ ಆಗಿದೆ. ಏಳು ವರ್ಷದ ಮಗಳು ತಾಯಿಯ ಹತ್ತಿರ ಇರಲಿ, ತಂದೆ ಭಾನುವಾರ ಬಂದು ನೋಡಲಿ ಎಂದು ಕೋರ್ಟು ಆದೇಶ ಕೊಟ್ಟಿದೆ. ಈಗ ಆಕೆಯ ಕೆಲಸ ಹೋಯಿತು. ಹಾಸನದ ತವರಿನವರು ಬಾ ಎನ್ನುತ್ತಾರೆ.

"ರಾತ್ರಿ ಬಸ್ಸು ಹತ್ತಿಬಿಡ್ತೀನಿ ಅಕ್ಕಾ. ಮಗು ನಂದೇ ಅಲ್ವಾ?"

"ನಿಂದೇ ಕಣಮ್ಮ. ಆದ್ರೆ ಕೋರ್ಟಿನ ಆದೇಶ ಇದೆಯಲ್ಲ. ಮೊದಲು ಕೇಳು, ಆಮೇಲೆ ಹೊರಡು."

ಪಕ್ಕದ ಮನೆಯ ಅಕ್ಕ ಹೇಳಿದ್ದು ಸರಿ. ಊರು ಬಿಟ್ಟರೆ ಭಾನುವಾರದ ಭೇಟಿ ತಪ್ಪುತ್ತದೆ. ಆದೇಶ ಮುರಿದಂತಾಗುತ್ತದೆ. ಮಗುವನ್ನು ವಾಪಸ್ ಕರೆತನ್ನಿ ಎಂದು ಕೋರ್ಟು ಹೇಳಬಹುದು.

ಕಾನೂನು ಏನು ಹೇಳುತ್ತದೆ?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇಂದಿಗೂ ಇದೆ. ಅದರಂತೆ ಕೋರ್ಟು ನೇಮಿಸಿದ ಪಾಲಕರು ಅಪ್ಪಣೆ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಆಚೆ ಕರೆದೊಯ್ಯುವಂತಿಲ್ಲ. ವಿಚ್ಛೇದನದಲ್ಲಿ ಕೊಟ್ಟ ಆದೇಶವನ್ನು ಬದಲಾಯಿಸಿ ಎಂದು ಅರ್ಜಿ ಹಾಕಬಹುದು. ಕೆಲಸ ಹೋದದ್ದು, ತವರಿನ ಆಸರೆ, ಅಲ್ಲಿನ ಶಾಲೆ, ತಂದೆ ಮಗುವನ್ನು ನೋಡುವ ಬಗೆ, ಇವೆಲ್ಲ ಅರ್ಜಿಯಲ್ಲಿ ಇರಬೇಕು. ಕೋರ್ಟು ಎಲ್ಲಕ್ಕಿಂತ ಮೊದಲು ಮಗುವಿನ ಹಿತ ನೋಡುತ್ತದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದು.

ಅಪ್ಪಣೆ ಸಿಕ್ಕ ಉದಾಹರಣೆ ಉಂಟು. ಬೆಂಗಳೂರಿನ ಒಬ್ಬ ತಾಯಿಗೆ ಸಿಂಗಪುರದಲ್ಲಿ ಕೆಲಸ. ಮಗನನ್ನು ಕರೆದೊಯ್ಯಲು ತಂದೆಯ ವಿರೋಧ. 2020ರಲ್ಲಿ ಸುಪ್ರೀಂ ಕೋರ್ಟು ತಾಯಿಗೆ ಅಪ್ಪಣೆ ಕೊಟ್ಟಿತು. ತಂದೆ ಮಗನೊಡನೆ ವಿಡಿಯೋ ಕರೆಯಲ್ಲಿ ಮಾತಾಡಲು, ರಜೆಯಲ್ಲಿ ಜೊತೆಗಿರಲು ಏರ್ಪಾಡು ಮಾಡಿತು. ಅಂದರೆ ತಾಯಿಯ ದುಡಿಮೆಯೂ ಉಳಿಯಬೇಕು, ತಂದೆಯ ಪ್ರೀತಿಯೂ ಮಗುವಿಗೆ ಸಿಗಬೇಕು.

ವಕೀಲರಿಗೆ ಹಣ ಎಲ್ಲಿಂದ?

1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ. ಆದಾಯ ಕೇಳುವುದಿಲ್ಲ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇದೆ. 15100ಕ್ಕೆ ಫೋನು ಮಾಡಿದರೂ ಸಲಹೆ ಸಿಗುತ್ತದೆ.

ನೆನಪಿಡಿ: ಕೋರ್ಟಿನ ಆದೇಶದ ನಕಲು ನಿಮ್ಮ ಹತ್ತಿರ ಇರಲಿ. ಅದನ್ನು ನೀವೇ ಓದಿ. ತಿಳಿಯದ ಮಾತನ್ನು ಕೇಳಿ ತಿಳಿಯಿರಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಓದಿ ಉತ್ತರಿಸಿ
1. ತಾಯಿ ಹಾಸನಕ್ಕೆ ಹೋಗುವ ಮೊದಲು ಏನು ಮಾಡಬೇಕು?
2. ಕೋರ್ಟು ಮೊದಲು ಯಾರ ಹಿತ ನೋಡುತ್ತದೆ?
3. ಉಚಿತ ಕಾನೂನು ನೆರವಿನ ಫೋನ್ ನಂಬರು ಬರೆಯಿರಿ.

ಈ ಪದಗಳನ್ನು ಎರಡು ಸಲ ಬರೆಯಿರಿ: ಆದೇಶ, ಅರ್ಜಿ, ಅಪ್ಪಣೆ, ಹಿತ.