ತೊಡಕಿನ ಚೀಟಿ, ದುರ್ಯೋಧನನ ಸಾಲ

ಯುಗಾದಿಯ ಮಾರನೇ ದಿನ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಲೈಟು ಹತ್ತಿಕೊಳ್ಳುತ್ತದೆ. ವರ್ಷದ ತೊಡಕು. ಟಾರ್ಪಾಲಿನ ಮೇಲೆ ಬಾಳೆಎಲೆ ಹಾಸಿ, ಕಡಿದ ಬಾಡನ್ನು ಗುಡ್ಡೆ ಹಾಕುತ್ತಾರೆ. ಇಪ್ಪತ್ತೆರಡು ಮನೆಗೆ ಇಪ್ಪತ್ತೆರಡು ಗುಡ್ಡೆ. ಒಂದಕ್ಕೆ ಮೂಳೆ ಜಾಸ್ತಿ ಬಿತ್ತು, ಇನ್ನೊಂದಕ್ಕೆ ಬೋಟಿ ಬೀಳಲೇ ಇಲ್ಲ ಅನ್ನುವ ಮಾತು ಬರಬಾರದೆಂದು ತಲೆಮಾಂಸದ ಚೂರನ್ನೂ ಎಣಿಸಿ ಇಡುವ ಒಬ್ಬ ಅಜ್ಜ ಇದ್ದಾರೆ. ನಾನು ಕಂಡ ಆಡಿಟರುಗಳಲ್ಲಿ ಅವರಷ್ಟು ನಿಷ್ಠುರರು ಇನ್ನೊಬ್ಬರಿಲ್ಲ.

ಆ ಹೊತ್ತಿನಲ್ಲಿ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಹಿಂದಿನ ಯುಗಾದಿ ಕಳೆದ ವಾರದಿಂದಲೇ ಮನೆಗೆ ನೂರು ರೂಪಾಯಿಯಂತೆ ಚೀಟಿ ಕಟ್ಟಿಕೊಂಡು ಬಂದಿರುತ್ತಾರೆ. ಐವತ್ತು ವಾರಕ್ಕೆ ಐದು ಸಾವಿರ. ಕೂಡಿದ ದುಡ್ಡು ಸುಮ್ಮನೆ ಕೂರುವುದಿಲ್ಲ, ಚೀಟಿಯವರಲ್ಲೇ ಬೇಕಾದವರಿಗೆ ನೂರಕ್ಕೆ ಎರಡರಂತೆ ಬಡ್ಡಿಗೆ ಓಡಾಡುತ್ತದೆ. ಆ ಬಡ್ಡಿಯಲ್ಲಿ ಮನೆಗೊಂದು ಎಣ್ಣೆ ಪ್ಯಾಕೆಟ್ಟು, ಕೊಬ್ಬರಿ, ಮಸಾಲೆ ಸಾಮಾನು. ಉಂಡು ಕೈ ತೊಳೆದರೆ ಹಬ್ಬದ ಲೆಕ್ಕ ಮುಗಿಯಿತು.

ನಮ್ಮಪ್ಪನ ಲೆಕ್ಕ ಹೀಗೆ ಮುಗಿಯುತ್ತಿರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದು ಗೊತ್ತಲ್ಲ, ನೋಡುವವರಿಗೆ ಪುಕ್ಕಟೆ, ಆಡುವವರು ದುಡ್ಡು ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಮೈಕು ಎಲ್ಲ ಕೂಡಿಸಿ ಪಾತ್ರಗಳ ಮೇಲೆ ಹಂಚುತ್ತಾರೆ. ದುರ್ಯೋಧನನಿಗೂ ಕೃಷ್ಣನಿಗೂ ರೇಟು ಹೆಚ್ಚು, ಬಾಗಿಲು ಕಾಯುವವನಿಗೆ ಕಡಿಮೆ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡಿ ಸಂಬಳ ತಂದರು. ನಮ್ಮಪ್ಪ ದುಡ್ಡು ಕೊಟ್ಟು ಪಾತ್ರ ತಂದರು.

1984ರಲ್ಲಿ ದುರ್ಯೋಧನನಿಗೆ ಒಂದೂವರೆ ಸಾವಿರ. ಅಪ್ಪ ಸಾಲ ಮಾಡಿದ್ದು ನೂರಕ್ಕೆ ಮೂರರ ಬಡ್ಡಿಗೆ. ಪಾತ್ರದ ದುಡ್ಡು ಅದರಲ್ಲಿ ಅರ್ಧವೂ ಅಲ್ಲ. ನೆಂಟರು ನೋಟಿನ ಹಾರ ಹಾಕಿದರು, ಮಾರನೇ ದಿನ ಅವರಿಗೆಲ್ಲ ಬಾಡೂಟ ಆಗಬೇಕಾಯಿತು. ಹಾರದ ನೋಟುಗಳೂ ಸಾಲವೇ. ಅವರ ಊರಲ್ಲಿ ನಾಟಕ ಆದಾಗ ಮುಯ್ಯಿ ತೀರಿಸಬೇಕಲ್ಲ. ಮೂರು ವರ್ಷದ ಅರಿಶಿನದ ದುಡ್ಡು ಆ ಒಂದು ರಾತ್ರಿಗೆ ಹೋಯಿತು. ಅವ್ವ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಈಗಲೂ ನಮ್ಮ ಮನೆಯಲ್ಲಿ ಗಾದೆಯ ಹಾಗೆ ಓಡಾಡುತ್ತದೆ: “ದುಡ್ಡು ಬತ್ತದ, ಹೋಯ್ತದ ಕನ. ದುರ್ಯೋಧನ ಬಂದನಾ?”

ಬಹಳ ವರ್ಷ ನನಗೆ ಅಪ್ಪನ ಮೇಲೆ ಸಿಟ್ಟಿತ್ತು. ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ ಹತ್ತು ವರ್ಷ ಒಂದು ಸಿನಿಮಾಕ್ಕೂ ಎರಡು ಸಲ ಯೋಚನೆ ಮಾಡಿದೆ. ಅದೂ ಒಂದು ಕಾಯಿಲೆ. ಕೊನೆಗೆ ಹೆಂಡತಿ ಒಂದು ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ “ಎಲ್ಲಿಗಾದರೂ” ಅಂತ ಬರೆದು, ತಿಂಗಳಿಗೆ ಇಷ್ಟು ಅಂತ ಎತ್ತಿಡಲು ಶುರು ಮಾಡಿದಳು. ತೊಡಕಿನ ಚೀಟಿಯ ಕ್ರಮವೇ, ಬಾಡಿನ ಜಾಗದಲ್ಲಿ ನಾಟಕ, ಸಿನಿಮಾ, ಊರು ತಿರುಗಾಟ.

ಆ ನೋಟ್‌ಬುಕ್ಕಿನಿಂದ ಗೊತ್ತಾದದ್ದು, ನಮ್ಮಂಥ ಊರಿನವರಿಗೆ ಟಿಕೆಟ್ಟು ಬಾಲ, ಆನೆ ಬೇರೆ ಕಡೆ ಇರುತ್ತದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬಹುರೂಪಿ ಉತ್ಸವವಾಗುತ್ತದೆ. ಟಿಕೆಟ್ಟು ನೂರು ರೂಪಾಯಿ. ವನರಂಗದ ಚಳಿಯಲ್ಲಿ ಕೂತು ಯಾವುದೋ ಭಾಷೆಯ ನಾಟಕ ನೋಡಿ, ಹೊರಗೆ ಜೋಳದ ರೊಟ್ಟಿ ತಿನ್ನುವ ಸುಖಕ್ಕೆ ನೂರು ರೂಪಾಯಿ ಏನೂ ಅಲ್ಲ. ಆದರೆ ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರು. ಕೊನೆಯ ಬಸ್ಸಿನ ಚಿಂತೆಯಲ್ಲಿ ಅರ್ಧ ನಾಟಕಕ್ಕೇ ಎದ್ದು ಬಂದದ್ದುಂಟು, ಉಳಿದರೆ ರೂಮಿಗೆ ಸಾವಿರದ ಮೇಲೆ. ಈಗ ನಾವು ಒಂದೇ ರಾತ್ರಿ ಉಳಿದು ಎರಡು ದಿನದಲ್ಲಿ ನಾಲ್ಕು ನಾಟಕ ನೋಡುತ್ತೇವೆ. ರೂಮಿನ ದುಡ್ಡು ನಾಲ್ಕಕ್ಕೆ ಹಂಚಿ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ನನ್ನೊಬ್ಬನದೇ ಚಾರ್ಜು. ಹೆಂಡತಿ ಜೀರೋ ಟಿಕೆಟ್ ತೋರಿಸಿ, ಕಿಟಕಿ ಪಕ್ಕ ಕೂತು, ನನ್ನನ್ನೇ ಖರ್ಚಿನ ಬಾಬತ್ತು ಅನ್ನುತ್ತಾಳೆ.

ಸಿನಿಮಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ ₹200ರ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದೇ ತಿಂಗಳು ₹100ರವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಮೇಲಿನದಕ್ಕೆ ಶೇ 18 ಹಾಗೇ ಇದೆ. ಮಲ್ಟಿಪ್ಲೆಕ್ಸಿನಲ್ಲಿ ನಮ್ಮನ್ನು ಕೊಲ್ಲುವುದು ಟಿಕೆಟ್ಟಲ್ಲ, ಪಾಪ್‌ಕಾರ್ನು.

ಇನ್ನು ಲಂಡನ್. ಆ ದಾರಿ ಶುರುವಾದದ್ದು ಒಂದು ಚೀಟಿ ಮುಳುಗಿದ್ದರಿಂದ. ಚೀಟಿಯನ್ನು ಇಷ್ಟು ಹೊಗಳಿದೆನಲ್ಲ, 2012ರಲ್ಲಿ ಚೀಟಿ ನಡೆಸುತ್ತಿದ್ದಾತ ಹಬ್ಬಕ್ಕೆ ಹದಿನೈದು ದಿನ ಇರುವಾಗ ಫೋನ್ ಆಫ್ ಮಾಡಿಕೊಂಡ. ಪುಸ್ತಕವೂ ಅವನ ಕೈಲೇ, ಯಾರಿಗೆ ಏನಂತ ದೂರು ಕೊಡುವುದು? ಆ ವರ್ಷ ನಮ್ಮ ಬೀದಿಯ ತೊಡಕು ಮೊಟ್ಟೆ ಸಾರಿನಲ್ಲಿ ಮುಗಿಯಿತು. ಈಗಿನ ಚೀಟಿಯ ಪುಸ್ತಕ ಮೂರು ಮನೆಯಲ್ಲಿ ಇರುತ್ತದೆ. ನಮ್ಮ “ಎಲ್ಲಿಗಾದರೂ” ದುಡ್ಡನ್ನು ಮಾತ್ರ 2013ರಲ್ಲಿ ಅಂಚೆ ಕಚೇರಿಯ ಆರ್‌ಡಿಗೆ ಹಾಕಿದೆವು. ತಿಂಗಳಿಗೆ ಮೂರು ಸಾವಿರ, ಐದು ವರ್ಷ, ಬಡ್ಡಿ ಶೇ 8.3. ಕಟ್ಟಿದ್ದು ₹1,80,000. ಬಂದದ್ದು ₹2,23,359. ಈಗ ಅದೇ ಆರ್‌ಡಿಗೆ ಶೇ 6.7, ಆದರೂ ಎತ್ತಿ ಖರ್ಚು ಮಾಡಿಬಿಡುವ ನನ್ನಂಥವನಿಗೆ ಬೀಗ ಇದ್ದಂತೆ.

ಮಗಳ ಮದುವೆಯಾದದ್ದು 2017ರಲ್ಲಿ. ಹೊಸ ಜೋಡಿ ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಹಣ್ಣು ಜವನ ಎಸೆಯಬೇಕು ಅನ್ನುವುದು ನಮ್ಮ ಜಿಲ್ಲೆಯ ಆಸೆ. ಆ ವರ್ಷ ತೇರಿಗೆ ಬೆಂಕಿ ಬಿದ್ದು ರಥೋತ್ಸವವೇ ನಿಂತಿತು, ಹೊಸ ತೇರು ಎಳೆದದ್ದು 2022ಕ್ಕೆ. ಮಗಳು ಅಳಿಯ ತೇರು ನೋಡದೆಯೇ ಲಂಡನ್ನಿಗೆ ಹೋದರು. ಮರುವರ್ಷ ಆರ್‌ಡಿ ಮುಗಿದಾಗ ನಾವೇ ಹೊರಟೆವು.

ಅಲ್ಲೊಂದು ತಪ್ಪು ಮಾಡಿದೆ. ಹೋಟೆಲಿನಲ್ಲಿ ಕಾರ್ಡ್ ಉಜ್ಜಿದಾಗ ಮೆಷಿನ್ನು ಪೌಂಡಿನಲ್ಲೋ ರೂಪಾಯಿಯಲ್ಲೋ ಅಂತ ಕೇಳಿತು. ಸ್ವದೇಶಾಭಿಮಾನದಿಂದ ರೂಪಾಯಿ ಒತ್ತಿದೆ. ಆಗ ಪೌಂಡಿಗೆ ₹90 ಆಸುಪಾಸು, ಬಿಲ್ಲಿನಲ್ಲಿ ನೋಡಿದರೆ ₹95ರ ಲೆಕ್ಕ ಬಿದ್ದಿತ್ತು. ಅಲ್ಲಿನ ಕರೆನ್ಸಿಯನ್ನೇ ಒತ್ತಬೇಕು. ಅದಕ್ಕೂ ಎಷ್ಟೋ ಕಾರ್ಡುಗಳು ನೂರಕ್ಕೆ ಮೂರೂವರೆ, ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತವೆ. ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಟೂರ್ ಪ್ಯಾಕೇಜಿನಲ್ಲಿ ಹೋಗುವವರಿಂದ ಟಿಸಿಎಸ್ ಅಂತ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ರಿಟರ್ನ್ ಹಾಕಿದರೆ ತೆರಿಗೆಗೆ ವಜಾ ಆಗುತ್ತದೆ, ಇಲ್ಲ ವಾಪಸ್ ಬರುತ್ತದೆ.

ಥೇಮ್ಸ್ ದಡದಲ್ಲಿ ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರವನ್ನು ಹಳೇ ಮಾದರಿಯಲ್ಲೇ ಮತ್ತೆ ಕಟ್ಟಿ 1997ರಲ್ಲಿ ತೆರೆದಿದ್ದಾರೆ. ರಂಗದ ಮುಂದಿನ ಅಂಗಳಕ್ಕೆ ಸೂರಿಲ್ಲ, ಕೂರುವಂತಿಲ್ಲ, ಕೊಡೆ ಬಿಚ್ಚುವಂತಿಲ್ಲ. ಆವತ್ತು ನಿಲ್ಲುವ ಟಿಕೆಟ್ಟು ಐದು ಪೌಂಡು, ಅಂದರೆ ₹450. ಹ್ಯಾಮ್ಲೆಟ್. ರಂಗದ ಅಂಚಿಗೆ ಮೊಣಕೈ ಊರಿಕೊಂಡು ನಿಂತೆವು. ನಟರ ಬೂಟು ಮೂಗಿನ ಮುಂದೆಯೇ ಓಡಾಡುತ್ತಿತ್ತು. ಇಂಗ್ಲಿಷು ಅರ್ಧ ಬಿಟ್ಟುಹೋಯಿತು. ಮಂಡಿ ನೋವಾಗಿ ನಾನು ಕಾಲು ಬದಲಿಸುತ್ತಿದ್ದರೆ ಹೆಂಡತಿ ಕಣ್ಣು ಕೀಳದೆ, “ಇದು ನಮ್ಮೂರ ಕುರುಕ್ಷೇತ್ರದಂಗೇ ಅದ, ಚಾಪೆ ಒಂದಿಲ್ಲ” ಅಂದಳು.

ವಾಪಸ್ ಬಂದ ಮೇಲೆ ನೋಟ್‌ಬುಕ್ಕಿಗೆ ಹೊಸ ಪುಟ ಬಿತ್ತು. ಊರಿನಲ್ಲಿ ಮುಂದಿನ ಬೇಸಿಗೆಗೆ ಮತ್ತೆ ಕುರುಕ್ಷೇತ್ರ ಆಡುತ್ತಾರಂತೆ. ನನ್ನ ಹೆಸರಿನ ಎದುರು ಇಪ್ಪತ್ತು ಸಾವಿರ ಈಗಾಗಲೇ ಕೂಡಿದೆ, ಸಾಲವಿಲ್ಲ. ಆದರೆ ದುರ್ಯೋಧನ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಒಬ್ಬ ಹುಡುಗನ ಪಾಲಾಗಿದ್ದಾನೆ. ನನಗೆ ಶಕುನಿ ಸಿಕ್ಕಿದ್ದಾನೆ, ರೇಟು ಸ್ವಲ್ಪ ಕಡಿಮೆ. ಉಳಿದದ್ದು ಬಾಡೂಟಕ್ಕೆ ಅಂತ ಹೆಂಡತಿ ಬರೆದುಕೊಂಡಿದ್ದಾಳೆ.