ನಾಲ್ಕು ತಂತಿಯ ಕೆಲಸ ಎರಡೇ ತಂತಿಯಲ್ಲಿ!

ಕರೆಂಟ್ ಮೀಟರ್, ಟಿ.ವಿ., ಮೊಬೈಲು ಇವುಗಳ ಒಳಗೆ ಒಂದು ಹಸಿರು ಬೋರ್ಡು, ಅದರ ಮೇಲೆ ಕಾಲುಗಳುಳ್ಳ ಕಪ್ಪು ಚಿಪ್ ಇರುವುದನ್ನು ನೀವು ನೋಡಿರಬಹುದು. ಚಿಪ್ಪಿನೊಳಗೆ ಲೆಕ್ಕ ಮಾಡುವ ಭಾಗಕ್ಕೆ ಪ್ರೊಸೆಸರ್ ಎನ್ನುತ್ತಾರೆ. ಅದು ದಾರಿ ತಪ್ಪಿದರೆ ಒಳಗೆ ಏನಾಗಿದೆ ಅಂತ ನೋಡೋದು ಹೇಗೆ? ಒಡೆದು ನೋಡಿದರೆ ಚಿಪ್ಪೇ ಹಾಳು. ಆದ್ದರಿಂದ ಅದನ್ನು ತಯಾರಿಸುವವರೇ ಒಂದು ಇಣುಕು ಕಿಂಡಿ ಇಟ್ಟಿರುತ್ತಾರೆ. ಆ ಕಿಂಡಿಯಿಂದ ದೋಷ ಹುಡುಕುವ ಕೆಲಸವೇ ಡೀಬಗ್.

ಮೈಸೂರಿನಲ್ಲಿ ಬೋರ್ಡು ಜೋಡಿಸುವ ಕಾರ್ಖಾನೆಗಳಿವೆ. 1988ರಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ ಅವುಗಳಲ್ಲಿ ಒಂದು. ಮೈಸೂರಿನಲ್ಲೇ ಬೋರ್ಡು ಪರೀಕ್ಷೆ ಮಾಡುವ ಕೆಲಸದಲ್ಲಿರುವ ನಮ್ಮಣ್ಣನನ್ನು ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಕಿಂಡಿಗೆ ಒಂದು ನಿಯಮ ಬೇಕೆಂದು 1985ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಗಳವರು ಸೇರಿ ಒಂದು ಗುಂಪು ಕಟ್ಟಿದರು. ಅದರ ಹೆಸರು ಜೆಟ್ಯಾಗ್. 1990ರಲ್ಲಿ ಅದು ಐ.ಇ.ಇ.ಇ. 1149.1 ಎಂಬ ನಿಯಮವಾಯಿತು. ಅದಕ್ಕೆ ನಾಲ್ಕು ತಂತಿ ಬೇಕು:

1. ಟಿ.ಸಿ.ಕೆ. – ತಾಳ ಹಾಕುವ ತಂತಿ.
2. ಟಿ.ಎಂ.ಎಸ್. – ಮುಂದೇನು ಮಾಡಬೇಕೆಂದು ಹೇಳುವ ತಂತಿ.
3. ಟಿ.ಡಿ.ಐ. – ಮಾಹಿತಿ ಒಳಗೆ ಹೋಗುವ ತಂತಿ.
4. ಟಿ.ಡಿ.ಓ. – ಉತ್ತರ ಹೊರಗೆ ಬರುವ ತಂತಿ.

ತೊಂದರೆ ಎಲ್ಲಿ ಬಂತು? ಚಿಕ್ಕ ಚಿಪ್ಪಿಗೆ 8 ಕಾಲು ಎಂದಿಟ್ಟುಕೊಳ್ಳಿ. ಕರೆಂಟಿಗೆ 2 ಕಾಲು, ಕಿಂಡಿಗೆ 4 ಕಾಲು ಹೋದವು. ನಿಜವಾದ ಕೆಲಸಕ್ಕೆ ಉಳಿದದ್ದು ಎರಡೇ! ಹಾಗಂತ ಕಿಂಡಿಯನ್ನೇ ಮುಚ್ಚಿದರೆ, ಕೆಟ್ಟ ಬೋರ್ಡನ್ನು ರಿಪೇರಿ ಮಾಡಲಾಗದೆ ಬಿಸಾಕಬೇಕಾದೀತು.

ಇದಕ್ಕೆ ಉಪಾಯ ಸರದಿ. ಹಿಂದೆ ಮೈಸೂರು–ಬೆಂಗಳೂರು ನಡುವೆ ಒಂದೇ ಹಳಿ ಇತ್ತು. ಎದುರಿನ ರೈಲು ಬರೋ ತನಕ ಈ ರೈಲು ನಿಲ್ದಾಣದಲ್ಲಿ ಕಾಯುತ್ತಿತ್ತು. ಹಳಿ ಒಂದೇ ಆದರೂ ಎರಡೂ ಕಡೆಯವರು ಊರು ಸೇರುತ್ತಿದ್ದರು. 2009ರ ಐ.ಇ.ಇ.ಇ. 1149.7 ನಿಯಮದಲ್ಲೂ ಹೀಗೇ. ಒಂದು ತಂತಿ ತಾಳಕ್ಕೆ. ಇನ್ನೊಂದರಲ್ಲಿ ಉಳಿದ ಮೂವರೂ ಸರದಿಯಂತೆ ಬರುತ್ತಾರೆ:

ಮೊದಲ ತಾಳ – ಟಿ.ಡಿ.ಐ.
ಎರಡನೇ ತಾಳ – ಟಿ.ಎಂ.ಎಸ್.
ಮೂರನೇ ತಾಳ – ಟಿ.ಡಿ.ಓ.

ಮೂರನೇ ತಾಳದಲ್ಲಿ ಕೇಳುವವನು ತಂತಿಯನ್ನು ಬಿಟ್ಟುಕೊಡಬೇಕು, ಆಗ ಚಿಪ್ ಮಾತಾಡುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸದು.

ಹಾಗಾದರೆ ಹಳೆಯ ಪ್ರೊಸೆಸರನ್ನು ಹೊಸದಾಗಿ ಮಾಡಬೇಕೇ? ಬೇಡ! ಇದೇ ಇದರ ಮುಖ್ಯ ವಿಷಯ. ಪ್ರೊಸೆಸರಿನ ಮುಂದೆ ಅಡಾಪ್ಟರ್ ಎಂಬ ಒಂದು ಪುಟ್ಟ ಸರ್ಕ್ಯೂಟ್ ಇಡುತ್ತಾರೆ. ಅದು ಮೂರು ತಾಳದ ಮಾತನ್ನು ಕೂಡಿಸಿ ಒಳಗಿನ ನಾಲ್ಕು ತಂತಿಗಳಿಗೆ ಕೊಡುತ್ತದೆ. ಹೊರಗೆ ತಂತಿ ಕಡಿಮೆಯಾದದ್ದು ಪ್ರೊಸೆಸರಿಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ಪರೀಕ್ಷಿಸಿ ಸರಿ ಎಂದು ಕಂಡದ್ದನ್ನು ಮತ್ತೆ ಕೆದಕುವ ಕೆಲಸ ತಪ್ಪಿತು. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ, ಯಾರು ಬೇಕಾದರೂ ಬಳಸಬಹುದಾದ ರಿಸ್ಕ್-ಫೈವ್ ಪ್ರೊಸೆಸರುಗಳಿಗೂ ಹೀಗೆ ಅಡಾಪ್ಟರ್ ಸೇರಿಸಬಹುದು. ನಮ್ಮ ದೇಶದ ಮದ್ರಾಸ್ ಐ.ಐ.ಟಿ.ಯ ‘ಶಕ್ತಿ’ ಈ ಜಾತಿಯದೇ.

1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಂ.ಎಸ್.ಪಿ.430 ಎಂಬ ಚಿಪ್ಪುಗಳಲ್ಲೂ ಎರಡು ತಂತಿಯ ಇಂಥದೇ ಏರ್ಪಾಟಿದೆ. ಅದರ ಹೆಸರು ಸ್ಪೈ-ಬೈ-ವೈರ್.

ನಷ್ಟವೇ ಇಲ್ಲವೇ? ಇದೆ. ಮೊದಲು ಒಂದು ತಾಳಕ್ಕೆ ಆಗುತ್ತಿದ್ದ ಕೆಲಸಕ್ಕೆ ಈಗ ಮೂರು ತಾಳ ಬೇಕು. ಸೆಕೆಂಡಿಗೆ 30 ಲಕ್ಷ ತಾಳ ಬಿದ್ದರೆ ಒಳಗೆ ಹೋಗುವುದು 10 ಲಕ್ಷ ಬಿಟ್ ಮಾತ್ರ. ಆದರೆ ದೋಷ ಹುಡುಕುವವನಿಗೆ ಅವಸರಕ್ಕಿಂತ ಒಳಗೆ ಇಣುಕಲು ದಾರಿ ಇರುವುದು ಮುಖ್ಯ ಅಲ್ಲವೇ?

ನಿಮಗೊಂದು ಲೆಕ್ಕ: ಚಿಪ್ಪಿಗೆ 6 ಕಾಲುಗಳಿವೆ, ಕರೆಂಟಿಗೆ 2 ಬೇಕು. ನಾಲ್ಕು ತಂತಿಯ ಕಿಂಡಿ ಇಟ್ಟರೆ ಕೆಲಸಕ್ಕೆ ಎಷ್ಟು ಕಾಲು ಉಳಿದಾವು? ಎರಡು ತಂತಿಯದಾದರೆ ಎಷ್ಟು? ಉತ್ತರ ಬರೆದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.