ಮಣ್ಣಿನೊಳಗಿನ ಮಿತ್ರರು

ಜಯನಗರ, ಬನಶಂಕರಿಗಳ ಮನೆಯಂಗಳಗಳಲ್ಲಿ ನೀರು, ಗೊಬ್ಬರಗಳಿಗೆ ಕೊರತೆಯಿಲ್ಲದಿದ್ದರೂ ಗುಲಾಬಿ ಗಿಡ ಸೊರಗಿ ಒಣಗುವುದುಂಟು. ಬುಡ ಕೆದಕಿದರೆ ಬಿಳಿಯ ಮೈ, ಕಂದು ತಲೆಯ ಹುಳುವೊಂದು ಬಿಲ್ಲಿನಂತೆ ಬಾಗಿ ಮಲಗಿರುತ್ತದೆ. ಬೇರನ್ನು ತಿಂದು ಮುಗಿಸುವ ಗೊಣ್ಣೆಹುಳು ಇದೇ. ಮುಂಗಾರಿನ ಮೊದಲ ಮಳೆಗಳಾದೊಡನೆ ಸಂಜೆಗತ್ತಲಲ್ಲಿ ನೆಲದಿಂದೆದ್ದು ಬೇವಿನ ಎಲೆಗೆ ಮುತ್ತುವ ದುಂಬಿಯ ಮರಿ. ಅಂಗಳದಲ್ಲಿ ಇದರಿಂದ ಒಂದು ಗಿಡದ ನಷ್ಟ. ಮಲೆನಾಡು, ಕರಾವಳಿಗಳ ಅಡಕೆ ತೋಟಕ್ಕೆ ಇದೇ ಬಳಗದ ಬೇರುಹುಳು ಹೊಕ್ಕರೆ ಒಂದು ಸಂಸಾರದ ಅನ್ನಕ್ಕೇ ಸಂಚಕಾರ.

ಹಿಂದೆ ಇದಕ್ಕೆ ಫೋರೇಟ್ ಎಂಬ ಹರಳು ವಿಷವನ್ನು ಬುಡಕ್ಕೆ ಹಾಕುತ್ತಿದ್ದರು. ಮನುಷ್ಯನಿಗೂ ಮಾರಕವಾದ ಆ ವಿಷವನ್ನು ಭಾರತ ಸರ್ಕಾರವು 2018ರ ಆಜ್ಞೆಯಂತೆ 2020ರ ಕೊನೆಗೆ ನಿಷೇಧಿಸಿತು. ವಿಷ ಹೋಯಿತು, ಹುಳು ಉಳಿಯಿತು. ಹಾಗಾದರೆ ಮಾರ್ಗವೇನು?

ಹುಳುವಿನ ಶತ್ರು ಹುಳುವಿರುವ ಮಣ್ಣಿನಲ್ಲಿಯೇ ಇದೆ. ಈ ವಿಚಾರ ಹೊಸದೂ ಅಲ್ಲ. 1879ರಲ್ಲಿಯೇ ಮೆಚ್ನಿಕಾಫ್ ಎಂಬ ವಿಜ್ಞಾನಿ ಒಡೆಸ್ಸಾದಲ್ಲಿ ಗೋಧಿಯ ದುಂಬಿಯ ಮೇಲೆ ಹಸಿರು ಬೂಸ್ಟೊಂದನ್ನು ಪ್ರಯೋಗಿಸಿದ್ದನು. ನಮ್ಮ ಕಡೆಯ ಮಿತ್ರನೆಂದರೆ ಹೆಟೆರೊರ್ಹ್ಯಾಬ್ಡಿಟಿಸ್ ಇಂಡಿಕಾ ಎಂಬ ಸೂಕ್ಷ್ಮ ಜಂತುಹುಳು. ಕೊಯಮತ್ತೂರಿನ ಮಣ್ಣಿನಲ್ಲಿ ದೊರೆತ ಇದಕ್ಕೆ 1992ರಲ್ಲಿ ಈ ನಾಮಕರಣವಾಯಿತು. ಇದು ಗೊಣ್ಣೆಹುಳುವಿನ ಬಾಯಿ, ಉಸಿರುರಂಧ್ರಗಳ ಮೂಲಕ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬಿಡುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹುಳು ಸತ್ತು ಇಟ್ಟಿಗೆಯಂತೆ ಕೆಂಪಾಗುತ್ತದೆ. ಆ ಹೆಣದಲ್ಲಿಯೇ ಜಂತುಗಳು ವಂಶ ಬೆಳೆಸಿ, ಸಾವಿರಗಟ್ಟಲೆಯಾಗಿ ಹೊರಬಂದು ಮುಂದಿನ ಬೇಟೆಯನ್ನು ಅರಸುತ್ತವೆ! ಗಿಡಕ್ಕಾಗಲಿ, ಎರೆಹುಳುವಿಗಾಗಲಿ, ನಮಗಾಗಲಿ ಇವುಗಳಿಂದ ಕೇಡಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಇವನ್ನು ನೀರಿನಲ್ಲಿ ಕದಡಿ ಸುರಿಯಬಹುದಾದ ಪುಡಿಯ ರೂಪಕ್ಕೆ ತಂದಿದೆ.

ವಿಜ್ಞಾನದ ವಿದ್ಯಾರ್ಥಿಯಲ್ಲದ ನನಗೆ ಇಲ್ಲಿ ಮುಖ್ಯವಾಗಿ ತೋರುವ ಮಾತೊಂದಿದೆ. ಇದು ಪುಡಿಯಂತೆ ಕಂಡರೂ ಪುಡಿಯಲ್ಲ, ಜೀವ. ಬಿಸಿಲು ತಾಕಿದರೆ ಸಾಯುತ್ತದೆ, ಒಣಮಣ್ಣಿನಲ್ಲಿ ಚಲಿಸಲಾರದು. ಆದುದರಿಂದ ಮಳೆಗಾಲದಲ್ಲಿ, ಹುಳು ಇನ್ನೂ ಎಳೆಯದಾಗಿರುವಾಗ, ಸಂಜೆಯ ಹೊತ್ತು, ಒದ್ದೆ ನೆಲಕ್ಕೆ ಸುರಿಯಬೇಕು. ಆಮೇಲೆಯೂ ತೇವ ಆರದಂತೆ ನೋಡಿಕೊಳ್ಳಬೇಕು. ಇದನ್ನರಿಯದೆ ನಡುಹಗಲು ಸುರಿದ ರೈತ ಹಣ ಕಳೆದುಕೊಂಡು, 'ಇದರಿಂದ ಏನೂ ಆಗದು' ಎಂದು ಮತ್ತೆ ವಿಷದ ಡಬ್ಬಿಗೇ ಕೈ ಹಾಕುತ್ತಾನೆ. ಹೆಬ್ಬಾಳದ ಪ್ರಯೋಗಶಾಲೆಯಿಂದ ತೋಟದವರೆಗೆ ಪುಡಿಯ ಪೊಟ್ಟಣವೊಂದೇ ಹೋದರೆ ಸಾಲದು. ಅದನ್ನು ಬಳಸುವ ತಿಳಿವೂ ತಿಳಿಗನ್ನಡದಲ್ಲಿ ಜೊತೆಗೇ ಹೋಗಬೇಕು. ಓದಿದ ನಮ್ಮಂಥವರು ಊರಿಗೆ ಹೋದಾಗ ಇಷ್ಟನ್ನಾದರೂ ಹೇಳಬಾರದೆ?